ಮೊಳದುದ್ದದ ಹಲ್ಲಿ

ನಮ್ಮ ಊರಿನಲ್ಲಿ ಮುನ್ನೂರು ಬಾವಿಗಳಿವೆ. ಪತ್ರಿಕೆಯ ಮೆಹರೂನ್ ಮನೆಮನೆ ತಿರುಗಿ ಎಣಿಸಿ ನಲವತ್ತೊಂದೇ ಎಂದಳು. ಇರಲಿ, ಅವಳು ಓದಿದವಳು, ಎಣಿಸುತ್ತಾಳೆ. ನಾನು ಎರಡನೇ ಇಯತ್ತೆಯಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು, ನನ್ನ ಕಣ್ಣಿಗೆ ಮುನ್ನೂರು ಕಾಣುತ್ತವೆ. ಎಷ್ಟಿದ್ದರೂ ಎಲ್ಲಕ್ಕೂ ತಳ ಒಂದೇ. ನಿಮ್ಮ ಮನೆಯ ಬಾವಿಗೆ ಬಗ್ಗಿ ಒಂದು ಮಾತು ಬಿಟ್ಟರೆ ಊರಿನ ಎಲ್ಲ ಬಾವಿಗಳಿಂದಲೂ ಅದು ಏಳುತ್ತದೆ. ಏಳುವಾಗ ಯಾರ ದನಿ ಎಂದು ಗೊತ್ತಾಗುವುದಿಲ್ಲ. ಗಂಡಸು, ಹೆಂಗಸು, ಹಲ್ಲಿದ್ದವರು, ಹಲ್ಲಿಲ್ಲದವರು, ಎಲ್ಲರದೂ ನೆಗಡಿಯಾದ ಕೋಣನ ದನಿಯಾಗಿಯೇ ಬರುತ್ತದೆ. ಕೇಳಿದವರಿಗೆ ಮಾತು ಒಪ್ಪಿಗೆಯಾದರೆ ಬಗ್ಗಿ ‘ಹೂಂ’ ಅನ್ನಬೇಕು, ಇಲ್ಲದಿದ್ದರೆ ಸುಮ್ಮನೆ ನೀರು ಸೇದಿಕೊಂಡು ಹೋಗಬೇಕು. ಮನೆಗೊಂದು ಹೂಂ. ಇಪ್ಪತ್ತೊಂದು ಹೂಂ ಬಿದ್ದ ಮಾತು ನಿಜ, ಮತ್ತು ನಿಜವಾದ ಮಾತಿನ ಮೇಲೆ ಪಂಚಾಯಿತಿ ಕ್ರಮ ತೆಗೆದುಕೊಳ್ಳಬೇಕು. ಹೀಗೆಯೇ ನಾವು ಶಾಲೆಗೆ ಹೆಂಚು ಹಾಕಿಸಿದ್ದು. ಹೀಗೆಯೇ ಇಬ್ಬರು ಮಾಸ್ತರರನ್ನು ಊರು ಬಿಡಿಸಿದ್ದು.

ನನ್ನ ಹೆಸರು ಫಕೀರವ್ವ. ನನ್ನ ಎದುರು ಮನೆಯವಳು ಕಸ್ತೂರೆವ್ವ. ಅವಳ ಬಗ್ಗೆ ನಾನು ಹೇಳುವುದನ್ನು ಅರ್ಧ ಬಿಟ್ಟು ಕೇಳಿಸಿಕೊಳ್ಳಿ, ಉಳಿದ ಅರ್ಧವೂ ಸಾಕಷ್ಟು ಕೆಟ್ಟದಾಗಿಯೇ ಇರುತ್ತದೆ. ನಾವಿಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದೆವು, ಒಂದೇ ವರ್ಷ ಗಂಡಂದಿರನ್ನು ಕಳೆದುಕೊಂಡೆವು. ಅಲ್ಲಿಯೂ ಅವಳದೇ ಮೇಲು. ನನ್ನ ಗಂಡ ಸತ್ತಾಗ ಬಂದವರು ಮೂಗು ಒರೆಸಿಕೊಂಡು ಹೋದರು. ಅವಳ ಗಂಡ ಸತ್ತಾಗ ಓಣಿಯ ನಾಯಿಗಳೂ ಮೂರು ದಿನ ಬೊಗಳಲಿಲ್ಲ. ಆಮೇಲೆ ಹೊಟ್ಟೆಪಾಡಿಗೆಂದು ಇಬ್ಬರೂ ಜೋಳದ ರೊಟ್ಟಿ ಮಾಡಿ ಮಾರತೊಡಗಿದೆವು. ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆ ಕಡೆಯವರ ಮುಖ ಕಾಣುತ್ತಿತ್ತು. ನನ್ನ ರೊಟ್ಟಿ ತಿಂದ ಒಬ್ಬ ಗಿರಾಕಿ, ‘ಯವ್ವಾ, ಇದಕ್ಕ ಅಂಗುಷ್ಠ ಹಚ್ಚಿಕೊಟ್ಟಿದ್ರ ಕಾಲಿಗೆ ಹಾಕ್ಕೊಂಡು ಹೊಕ್ಕಿದ್ದೆ’ ಎಂದ. ಐದು ವರ್ಷದಲ್ಲಿ ಅವಳು ಚೌಕದ ಮೂಲೆಯಲ್ಲಿ ಖಾನಾವಳಿ ತೆರೆದಳು. ನಾಲ್ವರು ಹೆಂಗಸರು ಅವಳ ಕೈಕೆಳಗೆ ರೊಟ್ಟಿ ತಟ್ಟುತ್ತಿದ್ದರು. ನನ್ನ ಹೆಂಚು ಅಟ್ಟ ಸೇರಿತು.

ಇಷ್ಟಾದರೂ ಅವಳು ನನ್ನನ್ನು ‘ಅಕ್ಕಾ, ಅಕ್ಕಾ’ ಎಂದೇ ಕರೆಯುತ್ತಿದ್ದಳು. ಅದೇ ನನ್ನಿಂದ ತಡೆಯಲಾಗದ್ದು. ಜಗಳವಾಡುವವಳಾಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ತರರ ಮನೆಯ ಸೀಮಂತಕ್ಕೆ ರೊಟ್ಟಿಯ ಆರ್ಡರು ಅವಳಿಗೆ ಹೋಯಿತೆಂದು ಗೊತ್ತಾಯಿತು. ಆ ಹೆಡ್‌ಮಾಸ್ತರರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು ನಾನು. ಕೊಡ ಹಿಡಿದು ಬಾವಿಗೆ ಹೋದೆ. ನೀರು ಸೇದಬೇಕೆಂದೇ ಹೋದದ್ದು, ದೇವರಾಣೆ. ಆದರೆ ಬಗ್ಗಿದೊಡನೆ ಬಾಯಿಂದ ಬೇರೆಯದೇ ಬಿತ್ತು: ‘ಕಸ್ತೂರೆವ್ವನ ಹಿಟ್ಟಿನ ಡಬ್ಬ್ಯಾಗ ಮೊಳದುದ್ದ ಹಲ್ಲಿ ಸತ್ತು ಬಿದ್ದಿತ್ತಂತ.’

ಸ್ವಲ್ಪ ಹೊತ್ತಿಗೆ ಎಲ್ಲ ಬಾವಿಗಳಿಂದಲೂ ಕೋಣ ಅದನ್ನೇ ಹೇಳಿತು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಎಂಟು ಹೂಂ ಬಿದ್ದವು. ಎಂಟೆಂದರೆ ಏನೂ ಅಲ್ಲ, ಸಂಜೆಯೊಳಗೆ ಒಣಗಿ ಹೋಗುವ ಮಾತು. ನನಗೂ ಅಷ್ಟೇ ಬೇಕಿತ್ತು. ಒಂದು ದಿನ ನಾಲ್ಕು ಮಂದಿ ಅವಳ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಲಿ ಎಂದು.

ಮರುದಿನ ಬೆಳಿಗ್ಗೆ ಬಾವಿ ಬೇರೆಯೇ ರಾಗ ತೆಗೆಯಿತು. ‘ಕಸ್ತೂರೆವ್ವನ ಹಲ್ಲಿ ರೊಟ್ಟಿ ತಿಂದು ಏಳು ಮಕ್ಕಳು ವಾಂತಿ ಮಾಡ್ಯಾವ. ಒಂದು ಮಗು ದವಾಖಾನ್ಯಾಗ ಐತಿ, ಕಣ್ಣ ತೆಗೆದಿಲ್ಲ.’ ಮಾತು ಮುಗಿಯುವುದಕ್ಕೆ ಮೊದಲೇ ಹೂಂ, ಹೂಂ, ಹೂಂ ಎಂದು ಹನ್ನೊಂದು ಹೂಂ ಒಂದರ ಬೆನ್ನಿಗೊಂದು ಬಿದ್ದವು. ನಾನು ಕೊಡ ಕೆಳಗಿಟ್ಟು ನಿಂತೇ ಬಿಟ್ಟೆ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ನನ್ನ ಹಲ್ಲಿಗೆ ಇನ್ನಾರೋ ಬಾಸಿಂಗ ಕಟ್ಟಿ ಮೆರವಣಿಗೆ ತೆಗೆದಿದ್ದರು. ಏಳು ಮಕ್ಕಳು! ನನಗೇಕೆ ಹೊಳೆಯಲಿಲ್ಲ? ಹನ್ನೊಂದು ಮನೆಗಳು ಒಪ್ಪಿದ ಮೇಲೆ ನಾನೊಬ್ಬಳು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಬಗ್ಗಿ ಹೂಂ ಎಂದೆ. ಓಣಿಯಲ್ಲಿ ಉಳಿದವರೂ ಹಾಗೆಯೇ ಅಂದುಕೊಂಡಿರಬೇಕು. ಮಧ್ಯಾಹ್ನಕ್ಕೆ ಇಪ್ಪತ್ತೊಂಬತ್ತು.

ಸಂಜೆ ಪಂಚಾಯಿತಿಯವರು ಬಂದು ಖಾನಾವಳಿಗೆ ಬೀಗ ಹಾಕಿದರು. ಸೋಮವಾರದ ಸಭೆಯಲ್ಲಿ ತೀರ್ಮಾನ. ಅಂದು ಮಾತು ನಿಜವೆಂದೇ ನಿಂತರೆ ಪಂಚಾಯಿತಿ ಕೊಟ್ಟಿದ್ದ ಮೂಲೆಯ ಜಾಗ ಕಸ್ತೂರೆವ್ವನ ಕೈಬಿಟ್ಟು ಹೋಗುತ್ತದೆ. ಹೋಗುವುದು ಯಾರ ಕೈಗೆ ಎಂಬುದೂ ಊರಿಗೆ ಗೊತ್ತಿತ್ತು. ಗುರುಪಾದಪ್ಪ ಸಾವ್ಕಾರ ಅಲ್ಲಿ ಲಾಡ್ಜ್ ಕಟ್ಟಬೇಕೆಂದು ಎರಡು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದ.

ಮೆಹರೂನ್ ಬಂದದ್ದು ಬುಧವಾರ. ನಮ್ಮ ಊರಿಗೆ ವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆಯೊಂದು ಬರುತ್ತದೆ, ಅದಕ್ಕೆ ಬರೆಯುವವಳು ಅವಳೊಬ್ಬಳೇ. ಮೊದಲು ದೊಡ್ಡ ಪಟ್ಟಣದ ಪತ್ರಿಕೆಯಲ್ಲಿದ್ದಳಂತೆ. ಅಲ್ಲಿ ಫೋನಿನಲ್ಲಿ ಹರಿದಾಡುವ ಸುಳ್ಳುಗಳ ಹಿಂದೆ ಬಿದ್ದು, ಅವು ಎಲ್ಲಿಂದ ಹೊರಟವೆಂದು ಹುಡುಕುವುದೇ ಅವಳ ಕೆಲಸ. ಮೂವತ್ತೈದರ ಹೆಂಗಸು, ಚಪ್ಪಲಿ ಸವೆದಿತ್ತು, ಬಗಲಲ್ಲಿ ಉದ್ದನೆಯ ನೋಟ್‌ಬುಕ್ಕು. ನನ್ನ ಕಟ್ಟೆಯ ಮೇಲೆ ಕೂತು ಕೇಳಿದಳು, ‘ಆಯಿ, ಆ ಮಾತು ನೀವು ಯಾವ ಹೊತ್ತಿಗೆ ಕೇಳಿದ್ರಿ? ಆಗ ಏನ್ ಮಾಡಾಕತ್ತಿದ್ರಿ?’

‘ಅದು ನಿಜ ಐತೋ ಸುಳ್ಳೋ ಅಂತ ಕೇಳೂದಿಲ್ಲೇನ?’ ಎಂದೆ.

‘ಅದನ್ನ ಕೇಳಿದ್ರ ಎಲ್ಲಾರೂ ತಮಗ ಅನಿಸಿದ್ದು ಹೇಳ್ತಾರ. ನನಗ ಕೇಳಿಸಿದ್ದು ಬೇಕು. ಮಾತು ಹೆಂಗಿತ್ತೋ ಹಂಗ ಹೇಳ್ರಿ.’

ನಾನು ಹೇಳಿದೆ. ಹೇಳುವಾಗ ಏಳು ಮಕ್ಕಳು ಹದಿನೇಳಾದರು, ದವಾಖಾನೆಯ ಮಗುವಿನ ಮೈ ನೀಲಿಯಾಯಿತು. ಅವಳು ಎಲ್ಲವನ್ನೂ ಬರೆದುಕೊಂಡು ಪ್ರತಿ ಸಾಲಿನ ಪಕ್ಕ ಒಂದು ಸೊನ್ನೆ ಹಾಕಿದಳು.

‘ಸೊನ್ನಿ ಯಾಕ?’

‘ಇನ್ನೂ ನಾನು ನೋಡಿಲ್ಲ ಅಂತ, ಆಯಿ. ನೋಡಿದ ಮ್ಯಾಲೆ ಗೀಟು ಎಳೀತೀನಿ.’

ಅವಳಿಗೆ ಚಹಾ ಕೊಡಹೋದೆ. ‘ಬ್ಯಾಡ್ರಿ, ಈಗಷ್ಟ ಕಸ್ತೂರಕ್ಕನ ಮನ್ಯಾಗ ಆತು’ ಎಂದಳು. ಅವಳ ಬೆರಳಿನಿಂದ ಶೇಂಗಾ ಚಟ್ನಿಯ ವಾಸನೆ ಬಂತು. ಅಂದರೆ ಖಾನಾವಳಿಗೆ ಬೀಗ ಬಿದ್ದರೂ ಮನೆಯಲ್ಲಿ ಒಲೆ ಉರಿಯುತ್ತಿದೆ, ಬಂದ ಅತಿಥಿಯೂ ಅವಳ ಪಾಲಿಗೇ ಹೋಗಿದ್ದಾಳೆ. ನನಗೆ ತಡೆಯಲಾಗಲಿಲ್ಲ. ‘ನೋಡವಾ ಮಗಳ, ನಿನಗ ಈ ಊರು ಗೊತ್ತಿಲ್ಲ. ಆಕೀಗೂ ಒಲಿ ಬಿಟ್ರ ಏನೂ ಗೊತ್ತಿಲ್ಲ. ಯಾವ ಮನ್ಯಾಗ ಯಾರ ಸತ್ತಾರು, ಯಾರ ಅದಾರು, ಯಾರ ಬಾವಿ ಯಾವ ಹಿತ್ತಲದಾಗ ಐತಿ, ಎಲ್ಲಾ ನನಗ ಗೊತ್ತು. ನಾ ಬರ್ತೀನಿ ನಡಿ’ ಎಂದೆ.

ಬೆಂಕಿ ಇಟ್ಟವಳೇ ನೀರು ಹೊತ್ತುಕೊಂಡು ಓಡಿದ ಹಾಗಾಯಿತು, ಬಲ್ಲೆ. ಆದರೆ ಓದಿದ ಹೆಂಗಸೊಬ್ಬಳು ಮೂರು ದಿನ ನನ್ನ ಪಕ್ಕ ನಡೆಯುತ್ತಾಳೆ, ಕಸ್ತೂರೆವ್ವ ಕಿಟಕಿಯಿಂದ ನೋಡುತ್ತಾಳೆ. ಅದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಮೊದಲು ಮಕ್ಕಳನ್ನು ಹುಡುಕಿದೆವು. ಕುಂಬಾರ ಓಣಿಯವರು, ‘ನಮ್ಮಲ್ಲಿ ಅಲ್ರಿ, ಗಾಣಿಗೇರ ಓಣ್ಯಾಗ’ ಎಂದರು. ಗಾಣಿಗೇರ ಓಣಿಯವರು ಬಡಿಗೇರ ಓಣಿ ತೋರಿಸಿದರು. ಬಡಿಗೇರ ಓಣಿಯವರು ಕಣ್ಣೀರು ತಂದುಕೊಂಡು, ‘ಪಾಪ ಆ ಹೊಲಿಗೀ ಮಾಸ್ತರನ ಹಿಂದಿನ ಸಂದ್ಯಾಗಂತ’ ಎಂದರು. ಹೀಗೆ ಹೋಗಿ ಹೋಗಿ ಮತ್ತೆ ಕುಂಬಾರ ಓಣಿಗೇ ಬಂದು ನಿಂತೆವು. ಪ್ರತಿ ಓಣಿಯಲ್ಲೂ ಮೆಹರೂನ್ ಕೇಳುತ್ತಿದ್ದದ್ದು ಒಂದೇ, ‘ಮಗುವಿನ ಹೆಸರೇನ್ರಿ?’ ಒಬ್ಬರ ಬಾಯಿಂದಲೂ ಹೆಸರು ಹೊರಡಲಿಲ್ಲ. ಏಳು ಮಕ್ಕಳಿಗಾಗಿ ಅತ್ತವರು ಊರೆಲ್ಲ ಇದ್ದರು, ಒಂದು ಮಗುವಿಗೂ ಹೆಸರಿರಲಿಲ್ಲ.

ದವಾಖಾನೆಗೂ ಹೋದೆವು. ನರ್ಸಮ್ಮ ಪುಸ್ತಕ ತೆರೆದು ತೋರಿಸಿದಳು. ಆ ವಾರ ಮಲಗಿದ್ದವರು ಇಬ್ಬರೇ. ಬೆನ್ನಿಗೆ ಕುರು ಎದ್ದಿದ್ದ ಒಬ್ಬ ಮುದುಕ, ಕತ್ತೆ ಒದ್ದಿದ್ದ ಒಬ್ಬ ಅಗಸ. ಮೆಹರೂನ್ ಇಬ್ಬರನ್ನೂ ಮಾತಾಡಿಸಿದಳು. ‘ನೀವು ಕಸ್ತೂರೆವ್ವನ ರೊಟ್ಟಿ ತಿಂದಿದ್ರಿ ಏನು?’ ಎಂದು ಅಗಸನನ್ನು ಕೇಳಿದ್ದಕ್ಕೆ ಅವನು, ‘ಕತ್ತಿ ತಿಂದಿತ್ತೋ ಏನೋ, ನಾ ಅಂತೂ ತಿಂದಿಲ್ರಿ’ ಎಂದ. ಅವಳು ನಗಲಿಲ್ಲ, ಬರೆದುಕೊಂಡಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಏಳು ಮಕ್ಕಳ ಸಾಲಿನ ಮೇಲೆ ಗೀಟು ಎಳೆದಳು.

ಅಷ್ಟಕ್ಕೇ ಮುಗಿಯಿತೆಂದು ನಾನಂದುಕೊಂಡೆ. ಅವಳಿಗೆ ಅದು ಶುರು. ‘ಆಯಿ, ಸುಳ್ಳು ಹೇಳೋದು ಸರಳ. ಅದಕ್ಕ ಇಪ್ಪತ್ತೊಂಬತ್ತು ಹೂಂ ಕೂಡಿಸೋದು ಸರಳ ಅಲ್ಲ. ಮೊದಲ ಹನ್ನೊಂದು ಹೂಂ ಹೆಂಗ ಬಿದ್ದುವು?’

‘ಪಟಪಟಪಟ ಅಂತ. ಹೋಳಿಗಿ ಮ್ಯಾಲೆ ನೊಣ ಬಿದ್ದಂಗ.’

‘ಮಾತು ಮುಗೀಯೂದಕ್ಕಿಂತ ಮೊದಲ?’

‘ಮೊದಲ.’

‘ಮುಗೀದ ಇರೋ ಮಾತಿಗೆ ಯಾರರ ಹೂಂ ಅಂತಾರೇನ್ರಿ? ಪೂರಾ ಮಾತು ಮೊದಲ ಗೊತ್ತಿದ್ದವರಷ್ಟ ಅಂತಾರ.’

ನಲವತ್ತೆಂಟು ವರ್ಷ ಆ ಬಾವಿಯ ನೀರು ಕುಡಿದಿದ್ದೇನೆ, ಈ ಮಾತು ನನ್ನ ತಲೆಗೆ ಹತ್ತಿರಲಿಲ್ಲ. ನನ್ನ ಬುದ್ಧಿಗೆ ಹತ್ತದ್ದು ಅವಳಿಗೆ ಹತ್ತಿತೆಂದು ಅದಕ್ಕೂ ಸ್ವಲ್ಪ ಉರಿಯಿತು.

ಶುಕ್ರವಾರ ಬೆಳಿಗ್ಗೆ ಅವಳು ನನ್ನನ್ನು ಕೇಳಿದ್ದು ಮನುಷ್ಯರಿಲ್ಲದ ಬಾವಿಗಳನ್ನು. ನಾನು ಬೆರಳು ಮಡಿಚಿ ಹೇಳಿದೆ. ಗಂಡುಮಕ್ಕಳಿಲ್ಲದೆ ಮುಚ್ಚಿದ ಮನೆಗಳು, ದಾಯಾದಿ ಜಗಳದಿಂದ ಬೀಗ ಬಿದ್ದವು, ದೆವ್ವ ಇದೆಯೆಂದು ಬಿಟ್ಟವು. ಎಣಿಸಿದರೆ ಹನ್ನೊಂದು. ಹನ್ನೊಂದನ್ನೂ ಒಂದೊಂದಾಗಿ ಕೊಂಡವನು ಗುರುಪಾದಪ್ಪ. ‘ಹಾಳುಬಿದ್ದ ಮನಿ ತಗೊಂಡು ಏನ್ ಮಾಡ್ತೀಯೋ ಸಾವ್ಕಾರ?’ ಎಂದು ನಾನೇ ಒಮ್ಮೆ ಕೇಳಿದ್ದೆ. ‘ಇರಲಿ ಬಿಡ ಆಯಿ, ಬಾವಿಯರ ಅದಾವಲ್ಲ’ ಎಂದಿದ್ದ. ನಾನು ಅವನನ್ನು ದಡ್ಡನೆಂದುಕೊಂಡಿದ್ದೆ.

ಮೊದಲನೆಯ ಮನೆಯ ಹಿಂದಿನ ಗೋಡೆ ಹತ್ತಾಳು ಎತ್ತರ. ಮೆಹರೂನ್ ಮೊಣಕಾಲೆತ್ತರ ಎಂದು ಬರೆದಳು. ದಾಟಿ ಒಳಗೆ ಹೋದೆವು. ಅಂಗಳದಲ್ಲಿ ಎದೆಯುದ್ದ ಹುಲ್ಲು, ಬಾಗಿಲಿಗೆ ಜೇಡರ ಬಲೆ. ಆದರೆ ಬಾವಿಯ ಕಡೆಗೆ ಸಣ್ಣ ಕಾಲುಹಾದಿ ಬಿದ್ದಿತ್ತು. ಅವಳು ನೇರ ಹೋಗಿ ಹಗ್ಗ ಮುಟ್ಟಿದಳು. ‘ಆಯಿ, ಮುಟ್ಟಿ ನೋಡ್ರಿ.’ ಒದ್ದೆಯಾಗಿತ್ತು, ಮೆತ್ತಗಿತ್ತು. ವರ್ಷಗಟ್ಟಲೆ ಬಳಸದ ಹಗ್ಗವಾಗಿದ್ದರೆ ಒಣಗಿ ಸೆಟೆದಿರಬೇಕು. ಹಗ್ಗದ ಗಾಲಿಗೆ ಔಡಲೆಣ್ಣೆ ಹಚ್ಚಿದ್ದರು. ತಿರುಗಿಸಿದರೆ ಕಿರ್ರೆನ್ನಲಿಲ್ಲ. ಹೀಗೆ ಎರಡನೆಯದು, ಮೂರನೆಯದು. ಹತ್ತೂ ಮನೆಗಳಲ್ಲಿ ಹಗ್ಗ ಹಸಿ, ಗಾಲಿ ಜಿಡ್ಡು. ಅವಳು ಪ್ರತಿಯೊಂದನ್ನೂ ಮುಟ್ಟಿ, ಮೂಸಿ, ಹೊತ್ತು ಬರೆದುಕೊಂಡಳು. ನನ್ನನ್ನೂ ಮುಟ್ಟಿಸಿ, ‘ಇಬ್ಬರು ನೋಡಿದ್ದಾತು’ ಎಂದು ಬರೆದುಕೊಂಡಳು. ಪಟ್ಟಣದಲ್ಲಿಯೂ ಇದೇ ಆಟವಂತೆ. ಅಲ್ಲಿ ಖಾಲಿ ಮನೆಗಳ ಬದಲು ಖಾಲಿ ಹೆಸರುಗಳು, ಹಿಂದೆ ಮನುಷ್ಯರಿಲ್ಲದ ಹೆಸರುಗಳು, ಸಾವಿರಗಟ್ಟಲೆ.

ಹನ್ನೊಂದನೆಯ ಮನೆಯಲ್ಲಿ ಬಾವಿಕಟ್ಟೆಯ ಪಕ್ಕ ಬಕೆಟ್ಟು ಬೋರಲು ಹಾಕಿಕೊಂಡು ಲಗಮಪ್ಪ ಕೂತಿದ್ದ. ಮೊದಲು ಬಯಲಾಟದಲ್ಲಿ ರಾಜನ ಹಿಂದೆ ನಿಲ್ಲುತ್ತಿದ್ದ ಮನುಷ್ಯ, ಈಗ ಕೆಲಸವಿಲ್ಲ. ಬಾಯಲ್ಲಿ ಕಲ್ಲುಸಕ್ಕರೆ. ನಮ್ಮನ್ನು ಕಂಡು ಎದ್ದು ಕೈ ಮುಗಿದ.

‘ಇಲ್ಲೇನ್ ಮಾಡಾಕತ್ತೀಯೋ ಲಗಮಾ?’ ಎಂದೆ.

‘ಕೆಲಸದ ಮ್ಯಾಲೆ ಅದೀನಬೇ. ಹೂಂ ಅನ್ನೋ ಕೆಲಸ. ಸಾವ್ಕಾರರ ಮಂದಿ ಹನ್ನೊಂದು ಜನ ಅದೀವಿ, ಮನಿಗೊಬ್ಬರು. ಗಂಟಲ ಹರಕೊಂಡು ಹೋಗೇತಿ ನೋಡು.’

ಮೆಹರೂನ್ ಮೆತ್ತಗೆ ಕೇಳಿದಳು, ‘ಕಾಕಾ, ನಾನು ಪತ್ರಿಕೆಯಾಕಿ. ನೀವು ಹೇಳಿದ್ದು ಬರದು ಅಚ್ಚು ಹಾಕ್ತೀನಿ. ಹೇಳಬೇಕು ಅನಿಸಿದ್ರಷ್ಟ ಹೇಳ್ರಿ. ಮಂಗಳವಾರ ಯಾವ ಮಾತಿಗೆ ಹೂಂ ಅಂದ್ರಿ?’

ಲಗಮಪ್ಪ ಕಲ್ಲುಸಕ್ಕರೆಯನ್ನು ದವಡೆಗೆ ಸರಿಸಿದ. ‘ಅದು ನಮಗ ಹೇಳೂದಿಲ್ಲ ಬಿಡವಾ. ಶಿಳ್ಳಿ ಊದ್ತಾರ, ನಾವು ಹೂಂ ಅಂತೀವಿ. ಮಾತು ಕೇಳಿಸಿಕೊಂಡ್ರ ಒಂದೊಂದ ಸಲ ಹೂಂ ಅನ್ನಾಕ ಬಾಯಿ ಬರೂದಿಲ್ಲ ನೋಡು, ಅದಕ್ಕ ಕಿವ್ಯಾಗ ಅರಳಿ ಇಟ್ಕೊತೀವಿ.’ ಎಂದು ಕಿವಿಯಿಂದ ಹತ್ತಿ ತೆಗೆದು ತೋರಿಸಿದ. ಕಸ್ತೂರೆವ್ವನ ಖಾನಾವಳಿಗೆ ಬೀಗ ಬಿದ್ದದ್ದು ಅವನಿಗೆ ಗೊತ್ತಿತ್ತು. ಬಿದ್ದದ್ದು ತನ್ನ ಹೂಂನಿಂದ ಎಂಬುದು ಗೊತ್ತಿರಲಿಲ್ಲ. ಹೇಳಿದಾಗ ಬಾಯಲ್ಲಿದ್ದ ಕಲ್ಲುಸಕ್ಕರೆಯನ್ನು ಉಗುಳಿದ. ‘ಆಕಿ ಕೈಯಾನ ರೊಟ್ಟಿ ತಿಂದಾವ ನಾ’ ಎಂದ. ಆಮೇಲೆ, ‘ಬರ್ಕೋ ಯವ್ವಾ. ಹೆಸರು ಹಾಕು’ ಎಂದ.

ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ಕಳೆದರೆ ಹದಿನೆಂಟು. ಇಪ್ಪತ್ತೊಂದಕ್ಕೆ ಮೂರು ಕಡಿಮೆ. ಮಾತು ಬಿದ್ದುಹೋಯಿತೆಂದು ನಾನು ದಾರಿಯಲ್ಲೇ ಕುಣಿಯುವವಳಿದ್ದೆ. ಮೆಹರೂನ್ ಮಾತ್ರ ಸಪ್ಪಗಿದ್ದಳು. ‘ಮಕ್ಕಳ ಮಾತು ಬಿತ್ತು. ಹಲ್ಲಿ ಮಾತು ಬಿದ್ದಿಲ್ಲ, ಆಯಿ. ಹಲ್ಲಿ ಸೋಮವಾರದ್ದು, ಅದು ಸಾವ್ಕಾರರದಲ್ಲ. ಅವತ್ತು ಅವರ ಮಂದಿ ಬಾವಿಗೆ ಬಂದೇ ಇಲ್ಲ, ಲಗಮಪ್ಪನ್ನ ಕೇಳೇನಿ. ಯಾರೋ ಬ್ಯಾರೆಯವರು ಆ ಮಾತು ಹೇಳ್ಯಾರ, ಸಾವ್ಕಾರರು ಅದನ್ನ ಎತ್ತಿಕೊಂಡಾರ. ಹಲ್ಲಿ ಬಿದ್ದಿದ್ದು ನಿಜ ಅಂತ ಸಾವ್ಕಾರರು ಅಂದ್ರ ಸಭಾದಾಗ ನನ್ನ ಹಂತ್ಯಾಕ ಉತ್ತರ ಇಲ್ಲ.’

ನಾನು ಕಾಲಿಗೆ ಮುಳ್ಳು ಚುಚ್ಚಿದವಳಂತೆ ಬಗ್ಗಿ ಅಂಗಾಲು ನೋಡಿಕೊಂಡೆ.

‘ಎಂಟು ಮನಿಯವರು ಆ ಮಾತು ನನಗ ಹೇಳಿದ್ರು’ ಎಂದು ಅವಳು ನೋಟ್‌ಬುಕ್ಕು ತಿರುವಿದಳು. ‘ಎಂಟೂ ಮಂದಿ ಮೊಳದುದ್ದ ಹಲ್ಲಿ ಅಂದ್ರು. ಅಷ್ಟುದ್ದ ಹಲ್ಲಿ ಈ ಊರಾಗ ಯಾರು ಕಂಡಾರ್ರಿ?’ ಏಳು ಮಕ್ಕಳನ್ನು ಹದಿನೇಳು ಮಾಡಿದ ನನ್ನ ಮುಖವನ್ನೇ ನೋಡಿದಳು. ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

‘ಬರೀತೀಯೇನ?’ ಎಂದೆ.

‘ನನಗ ಅನಿಸಿದ್ದನ್ನ ನಾ ಬರಿಯೂದಿಲ್ಲ. ಸಾವ್ಕಾರರ ವಿಷಯಕ್ಕ ಬರಿಯಲಿಲ್ಲ, ಹಗ್ಗ ಮುಟ್ಟೂತನಕ. ಈಗೂ ಬರಿಯೂದಿಲ್ಲ. ಹೇಳಿದವರು ತಾವಾಗಿ ಬಂದು ನಾನು ಅಂದ್ರ, ಅಷ್ಟ ಬರೀತೀನಿ.’ ಹಲ್ಲಿಯ ಸಾಲಿನ ಪಕ್ಕದ ಸೊನ್ನೆ ಹಾಗೆಯೇ ಉಳಿಯಿತು.

ಭಾನುವಾರ ಕಸ್ತೂರೆವ್ವ ಬೀಗ ಬಿದ್ದ ಖಾನಾವಳಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಕೈಕೆಳಗಿನ ನಾಲ್ವರೂ ಗೋಡೆಗೆ ಒರಗಿ ನಿಂತಿದ್ದರು, ಬೇರೆ ಎಲ್ಲಿ ಹೋಗುವುದೆಂದು ಗೊತ್ತಿಲ್ಲದವರಂತೆ. ದಾಟಿ ಹೋಗೋಣವೆಂದು ನೋಡಿದೆ, ಕರೆದೇಬಿಟ್ಟಳು. ‘ಅಕ್ಕಾ, ನನ್ನ ಅಡಗಿಮನಿ ನಿನಗಿಂತ ಜಾಸ್ತಿ ಕಂಡವರಿಲ್ಲ. ನಾಳಿ ಸಭಾಕ್ಕ ಬಂದು ಒಂದು ಮಾತು ಹೇಳ. ಹಲ್ಲಿ ಕಂಡೀಯೋ ಇಲ್ಲೋ, ಕಂಡಷ್ಟು ಹೇಳು.’

‘ನನಗ ಕಣ್ಣು ಮಂಜವಾ’ ಎಂದು ಓಡಿಬಂದೆ. ಹಿಂದಿನಿಂದ ನಾಲ್ವರಲ್ಲಿ ಒಬ್ಬಳು, ‘ಸೂಜ್ಯಾಗ ದಾರ ಪೋಣಿಸೂಮುಂದ ಮಂಜ ಇರಲಿಲ್ಲ’ ಎಂದದ್ದು ಕೇಳಿಸಿತು.

ಸೋಮವಾರ ಶಾಲೆಯ ಅಂಗಳದಲ್ಲಿ ಎರಡು ಸಾವಿರ ಜನ. ಕಡಿಮೆ ಎಂದರೂ ನೂರು. ಚೇರ್ಮನ್ನರು ನಡುವೆ ಕೂತಿದ್ದರು. ಮೆಹರೂನ್ ನಿಂತು, ದನಿ ಏರಿಸದೆ, ತಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದಳು. ಓಣಿಗಳು, ದವಾಖಾನೆ, ಹಗ್ಗಗಳು. ಲಗಮಪ್ಪ ಎದ್ದು ಕಿವಿಯ ಹತ್ತಿಯನ್ನು ಎಲ್ಲರಿಗೂ ತೋರಿಸಿದ. ಜನ ಸಾವ್ಕಾರನ ಕಡೆ ತಿರುಗಿದರು. ಅವನು ಕೂತಲ್ಲಿಂದಲೇ ನಕ್ಕ.

‘ನನ್ನ ಮನಿ ಬಾವ್ಯಾಗ ನನ್ನ ಮಂದಿ ಹೂಂ ಅಂದ್ರ ತಪ್ಪೇನ್ರಿ? ಮನಿಗೊಂದು ಹೂಂ ಅಂತ ನೀವ ಕಾಯ್ದೆ ಮಾಡೀರಿ. ಮಕ್ಕಳ ಮಾತು ಹೆಚ್ಚು ಕಡಿಮಿ ಆಗಿರಬಹುದು, ಮಾತಂದ್ರ ಹಂಗ. ಆದ್ರ ಹಲ್ಲಿ? ಹಲ್ಲಿ ಖರೇನ ಬಿದ್ದಿತ್ತು. ಕಣ್ಣಾರ ಕಂಡಾಕಿ ಇಲ್ಲೇ ಕುಂತಾಳ.’

ಅವನ ನಾದಿನಿ ರತ್ನಾಬಾಯಿ ಎದ್ದಳು. ರೇಷ್ಮೆ ಸೀರೆ, ಕೈಯಲ್ಲಿ ಕರವಸ್ತ್ರ. ‘ಹಿಟ್ಟು ಕಡ ತರಾಕ ಹೋಗಿದ್ದೆ ನಾ. ಡಬ್ಬಿ ತಗದ್ಲು. ನೋಡಿದ್ರ ಹಲ್ಲಿ. ಇಷ್ಟ’ ಎಂದು ಕಿರುಬೆರಳು ತೋರಿಸಿದಳು. ‘ಅವತ್ತ ನಾನ ಮೊದಲ ಬಾವ್ಯಾಗ ಹೇಳಿದ್ದು. ಊರ ಮಕ್ಕಳ ಮ್ಯಾಲಿನ ಅಂತಃಕರಣಕ್ಕ ಹೇಳಿದೆ’ ಎಂದು ಕರವಸ್ತ್ರವನ್ನು ಕಣ್ಣಿಗೆ ಒತ್ತಿದಳು. ‘ಪುಣ್ಯಾತಗಿತ್ತಿ’ ಎಂದು ಯಾರೋ ಅಂದರು. ಅವಳಿಗೆ ಕುರ್ಚಿ ತಂದರು. ಚೇರ್ಮನ್ನರು ತಮ್ಮ ಪಾಲಿನ ಚಹಾವನ್ನು ಅವಳಿಗೆ ಕೊಟ್ಟರು. ಆಮೇಲೆ ಕಸ್ತೂರೆವ್ವನತ್ತ ತಿರುಗಿ, ‘ಕಣ್ಣಾರ ಕಂಡವರಿದ್ದ ಮ್ಯಾಲೆ ನಾವೇನ್ ಮಾಡೂದವಾ? ಜಾಗ ಬಿಟ್ಟುಕೊಡಬೇಕಾಗ್ತೈತಿ’ ಎಂದರು. ನಾಲ್ವರು ಹೆಂಗಸರು ಅವಳ ಸೆರಗು ಹಿಡಿದು ನಿಂತಿದ್ದರು.

ಆಗ ನಾನು ಎದ್ದೆ. ನ್ಯಾಯಕ್ಕಾಗಿ ಎದ್ದೆ ಎಂದು ಹೇಳಬೇಕೆಂದು ನನಗೂ ಆಸೆ. ಆದರೆ ಆ ಕುರ್ಚಿ, ಆ ಚಹಾ, ಆ ‘ಪುಣ್ಯಾತಗಿತ್ತಿ’ ನನ್ನ ಎದೆಯಲ್ಲಿ ಕೆಂಡದಂತೆ ಕೂತಿದ್ದವು. ನನ್ನ ಬಾಯಿಂದ ಹುಟ್ಟಿದ್ದನ್ನು ಕಿರುಬೆರಳಿನಷ್ಟು ಮಾಡಿ ಇವಳು ಮಡಿಲಿಗೆ ಹಾಕಿಕೊಂಡಿದ್ದಳು.

‘ಏ ರತ್ನೀ!’ ಎಂದು ಕೂಗಿದೆ. ‘ಅದು ನನ್ನ ಹಲ್ಲಿ!’

ಎಲ್ಲರ ತಲೆ ನನ್ನ ಕಡೆ ತಿರುಗಿತು.

‘ಬೆರಳುದ್ದ ಅಂತ ಬೆರಳುದ್ದ! ಮೊಳದುದ್ದ ಹಲ್ಲಿ ಅದು. ಎಂಟು ಮನಿಯವರು ಮೊಳದುದ್ದ ಅಂದಾರ, ಆ ಮಗಳ ಪುಸ್ತಕದಾಗ ಐತಿ ಓದಸ್ರಿ. ನೀ ಹೇಳಿದ್ದಾದ್ರ ನಿನಗ ಅಳತಿ ಗೊತ್ತಿರಬೇಕಾಗಿತ್ತು. ಸೋಮವಾರ ಬೆಳಿಗ್ಗೆ, ಹಾಲಿನಾಕಿ ಹೋದ ಮ್ಯಾಲೆ, ನನ್ನ ಬಾವ್ಯಾಗ, ನನ್ನ ಬಾಯಿಲೆ ನಾ ಹೇಳೇನಿ.’

ಚೇರ್ಮನ್ನರು ಮುಂದೆ ಬಾಗಿದರು. ‘ಆಯಿ, ಹಂಗಾರ ನೀ ಹಲ್ಲಿ ಕಂಡೀ?’

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ‘ಎಲ್ಲಿ ಹಲ್ಲಿ?’ ಎಂದೆ. ‘ಹಲ್ಲಿ ಇರಲಿಲ್ಲ. ಡಬ್ಬಿ ನಾ ನೋಡೂ ಇಲ್ಲ. ಆಕಿ ರೊಟ್ಟಿಗೆ ಊರು ಹೋಗ್ತೈತಿ, ನನ್ನ ರೊಟ್ಟಿಗೆ ನಾಯಿ ಬರೂದಿಲ್ಲ. ಅದಕ್ಕ ಹೇಳಿದೆ.’

ಕಸ್ತೂರೆವ್ವ ನನ್ನ ಕಡೆ ನೋಡಿದಳು. ನಲವತ್ತೆಂಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಮೆಹರೂನ್ ಬರೆಯುತ್ತಿದ್ದಳು. ರತ್ನಾಬಾಯಿ ಚಹಾದ ಬಟ್ಟಲನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದಳು.

ಬೀಗ ತೆಗೆದರು. ಮನುಷ್ಯರು ವಾಸವಿಲ್ಲದ ಮನೆಯ ಹೂಂ ಇನ್ನು ಮುಂದೆ ಲೆಕ್ಕಕ್ಕಿಲ್ಲವೆಂದು ಠರಾವು ಮಾಡಿದರು. ನನ್ನ ಬಾವಿಯ ಗಾಲಿಯನ್ನು ಒಂದು ವರ್ಷದ ಮಟ್ಟಿಗೆ ಕಿತ್ತುಕೊಂಡು ಹೋದರು. ಗುರುವಾರ ಪತ್ರಿಕೆ ಬಂತು. ಓದಿಸಿ ಕೇಳಿದೆ. ಸಾವ್ಕಾರನ ಹೆಸರು ಎರಡನೇ ಸಾಲಿನಲ್ಲಿ, ನನ್ನದು ಒಂಬತ್ತನೆಯದರಲ್ಲಿ. ‘ಮೊದಲು ಶುರು ಮಾಡಿದಾಕಿ ನಾನು, ನನ್ನ ಹೆಸರು ಒಂಬತ್ತನೇದಕ್ಕ ಯಾಕ?’ ಎಂದು ಮೆಹರೂನಳನ್ನು ಕೇಳಿದೆ. ಅವಳು ಕೈ ಮುಗಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಹಲ್ಲಿ ಇರಲಿಲ್ಲ, ಮಕ್ಕಳು ಇರಲಿಲ್ಲ ಎಂದು ಮೆಹರೂನ್ ಬಾವಿಗೆ ಬಗ್ಗಿ ಸ್ಪಷ್ಟವಾಗಿ ಹೇಳಿದಳು. ಬಿದ್ದದ್ದು ಆರು ಹೂಂ. ಖಾನಾವಳಿ ತೆರೆದು ನಾಲ್ಕು ದಿನವಾದರೂ ಒಬ್ಬ ಗಿರಾಕಿಯೂ ಒಳಗೆ ಹೋಗಲಿಲ್ಲ. ‘ಸುಳ್ಳು ಅಂತ ಗೊತ್ತೈತ್ರಿ, ಆದರೂ...’ ಎನ್ನುತ್ತಿದ್ದರು. ಆ ‘ಆದರೂ’ ಎಂಬುದಕ್ಕೆ ಮೆಹರೂನಳ ಪುಸ್ತಕದಲ್ಲಿಯೂ ಗೀಟು ಇರಲಿಲ್ಲ. ಐದನೆಯ ದಿನ ನಾಲ್ವರಲ್ಲಿ ಇಬ್ಬರು ಹೆಂಗಸರು ಬೇರೆ ಕೆಲಸ ಹುಡುಕಿಕೊಂಡು ಹೊರಟದ್ದನ್ನು ನನ್ನ ಕಟ್ಟೆಯಿಂದ ನೋಡಿದೆ.

ಚಪ್ಪಲಿ ಮೆಟ್ಟಿಕೊಂಡು ಚೌಕಕ್ಕೆ ಹೋದೆ. ಖಾನಾವಳಿಯ ಮುಂದೆ ಮಧ್ಯಾಹ್ನದ ಬಸ್ಸಿಗೆ ಕಾದವರು ಒಂದು ಇಪ್ಪತ್ತು ಜನ ನಿಂತಿದ್ದರು. ನಾನು ಒಳಗಿನ ಮೂಲೆಗೆ ಹೋಗಲಿಲ್ಲ. ಬಾಗಿಲಲ್ಲಿ, ಎಲ್ಲರಿಗೂ ಕಾಣುವಂತೆ, ಮಣೆ ಹಾಕಿಕೊಂಡು ಕೂತೆ. ಕಸ್ತೂರೆವ್ವ ಒಲೆಯ ಮುಂದಿನಿಂದ ಏಳಲಿಲ್ಲ. ‘ಅಕ್ಕಾ’ ಎನ್ನಲಿಲ್ಲ. ತಟ್ಟೆಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ನೆಲದ ಮೇಲೆ ನನ್ನ ಕಡೆ ಸರಿಸಿದಳು.

ಬಸ್ಸಿಗೆ ಕಾದವರು ಎದುರಿಗೆ ಬಂದು ನಿಂತರು. ಹಲ್ಲಿ ಹುಟ್ಟಿಸಿದವಳು ತಿನ್ನುತ್ತಾಳೋ ಇಲ್ಲವೋ ಎಂದು ಬಗ್ಗಿ ನೋಡಿದರು. ನಾನು ರೊಟ್ಟಿ ಮುರಿದೆ. ಒಂದು ತಿಂದೆ. ಎರಡನೆಯದೂ ತಿಂದೆ. ಯಾರೋ ಕೇಳಿದರು, ‘ಹೆಂಗೈತಿ ಆಯಿ?’

ನನ್ನ ಬಾಯಿಗೆ ಬೇಕಾದಷ್ಟು ಮಾತು ಬಂದವು. ಅಮೃತ ಎನ್ನಬಹುದಿತ್ತು, ಇಂಥ ರೊಟ್ಟಿ ಏಳು ಲೋಕದಲ್ಲಿಲ್ಲ ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಫಕೀರವ್ವ ಮತ್ತೆ ಶುರುಮಾಡಿದಳು ಎಂದು ಎಲ್ಲರೂ ನಕ್ಕು ಬಸ್ಸು ಹತ್ತುತ್ತಿದ್ದರು. ಸುಳ್ಳು ಹೇಳುವಾಗ ಇಷ್ಟು ಕಷ್ಟ ಆಗಿರಲಿಲ್ಲ. ನೀರು ಕುಡಿದೆ.

‘ಚೊಲೋ ಐತಿ’ ಎಂದೆ. ‘ನನ್ನದಕಿಂತ ಚೊಲೋ ಐತಿ.’

ಒಲೆಯ ಮುಂದೆ ರೊಟ್ಟಿ ತಟ್ಟುವ ಸದ್ದು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ಗುಂಪಿನಲ್ಲಿದ್ದ ಮುದುಕನೊಬ್ಬ ಚಪ್ಪಲಿ ಬಿಟ್ಟು, ನನ್ನನ್ನು ದಾಟಿ ಒಳಗೆ ಹೋಗಿ ಕೂತ. ಅವನ ಹಿಂದೆ ಇನ್ನಿಬ್ಬರು. ಹೋಗುವವರಿಗೆ ದಾರಿಯಾಗಲೆಂದು ನಾನು ಮಣೆ ಸರಿಸಿಕೊಂಡು ಗೋಡೆಗೆ ಒತ್ತಿ ಕೂತೆ. ಹೊಟ್ಟೆ ತುಂಬಿತ್ತು, ಒಳಗೆ ಉರಿಯುತ್ತಲೂ ಇತ್ತು. ಆದರೂ ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು, ಆ ಇಬ್ಬರು ಹೆಂಗಸರು ವಾಪಸು ಬರುವತನಕ ದಿನವೂ ಬಂದು ಇದೇ ಬಾಗಿಲಲ್ಲಿ ಇದೇ ಮಾತು ಹೇಳಬೇಕು.

‘ಇನ್ನೊಂದು ಹಾಕವಾ’ ಎಂದೆ, ಹೊರಗಿನವರಿಗೂ ಕೇಳುವಂತೆ.